ಹಿರಿಯರ ಬೆರಳು, ಅಂಗಡಿಯ ಯಂತ್ರ



ಸೇಡಂ ತಾಲೂಕಿನ ಆಡಕಿಯಂಥ ಊರುಗಳಲ್ಲಿ ಒಂಟಿಯಾಗಿರುವ ಮುದುಕಿಯೊಬ್ಬಳು ಎರಡು ದಿನ ಹೊರಗೆ ಕಾಣದಿದ್ದರೆ ಅದು ಮೊದಲು ತಿಳಿಯುವುದು ಕಿರಾಣಿ ಅಂಗಡಿಯವನಿಗೆ. “ಯಾಕ ಆಯಿ, ನಿನ್ನಿ ಚಹಾಪುಡಿ ಒಯ್ಯಲಾಕ ಬರ್ಲಿಲ್ಲ?” ಎಂದು ಅವನು ಕೇಳುತ್ತಾನೆ. ಕೈಯಲ್ಲಿ ಕಾಸಿಲ್ಲದಾಗ ಉದ್ರಿ ಕೊಡುತ್ತಾನೆ. ಪಿಂಚಣಿ ಬಂದಾಗ ವಹಿಯಲ್ಲಿ ಗೆರೆ ಎಳೆಯುತ್ತಾನೆ. ಆ ವಹಿ ಎಲ್ಲ ಕಡೆಯೂ ನೆಟ್ಟಗಿರುತ್ತದೆಂದು ನಾನು ಹೇಳಲಾರೆ. ಓದು ಬಾರದ ಗಿರಾಕಿ ಅದನ್ನು ಪರೀಕ್ಷಿಸುವುದಾದರೂ ಹೇಗೆ? ಆದರೂ ಅಲ್ಲಿ ಮುಖ ನೋಡಿ ಸಾಮಾನು ಕೊಡುತ್ತಾರೆ.

ನ್ಯಾಯಬೆಲೆ ಅಂಗಡಿಯಲ್ಲಿ ಮುಖ ಸಾಲದು, ಬೆರಳು ಬೇಕು. ಇಲ್ಲಿಯೇ ತೊಡಕು. ವಯಸ್ಸಾದಂತೆ ಚರ್ಮ ಒಣಗುತ್ತದೆ, ಬೆರಳ ತುದಿಯ ಗೆರೆಗಳು ಮಸುಕಾಗುತ್ತವೆ. ಅದರಲ್ಲೂ ನಮ್ಮದು ಎಂಥ ಸೀಮೆ! ಶಹಾಬಾದ್, ವಾಡಿ, ಚಿತ್ತಾಪುರದ ಕಲ್ಲು ಗಣಿಗಳಲ್ಲಿ ಉಳಿ-ಸುತ್ತಿಗೆ ಹಿಡಿದು ಹಾಸುಗಲ್ಲು ಸೀಳಿದ ಕೈಗಳು. ಸೇಡಂ, ಚಿಂಚೋಳಿಯ ಹೊಲಗಳಲ್ಲಿ ತೊಗರಿ ಕೊಯ್ದ ಕೈಗಳು. ದುಡಿದಷ್ಟೂ ಗೆರೆ ಸವೆದಿವೆ. ಒಂದು ಕಾಲದಲ್ಲಿ ಓದು ಬಾರದವರಿಗೆ ಹೆಬ್ಬೆಟ್ಟೇ ಸಹಿಯಾಗಿತ್ತು. ಈಗ ಆ ಹೆಬ್ಬೆಟ್ಟನ್ನೇ ಯಂತ್ರ ಒಪ್ಪುವುದಿಲ್ಲ.

ಬೆರಳು ಹೊಂದದಿದ್ದರೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ಆ ಮೊಬೈಲು ಯಾರದು? ಎಷ್ಟೋ ಮನೆಗಳಲ್ಲಿ ದುಡಿಯಲು ಪುಣೆಗೋ ಹೈದರಾಬಾದಿಗೋ ಹೋದ ಮಗನದು. ಅವನು ಕೆಲಸದ ಮೇಲಿದ್ದು ಫೋನು ಎತ್ತದಿದ್ದರೆ ಮುತ್ಯಾ ಖಾಲಿ ಚೀಲ ಹಿಡಿದು ಕಟ್ಟೆಯ ಮೇಲೆ ಕೂರಬೇಕು. ಬೆರಳು ಹೊಂದಲಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರ 2017ರ ಅಕ್ಟೋಬರಿನಲ್ಲಿಯೇ ರಾಜ್ಯಗಳಿಗೆ ಸೂಚಿಸಿದೆ. ಈ ಮಾತು ಕಟ್ಟೆಯ ಮೇಲೆ ಕೂತವರಿಗೆ ಗೊತ್ತಿರುವುದಿಲ್ಲ. ನಿಮಗೆ ಗೊತ್ತಿರಲಿ.

ಪಿಂಚಣಿಯ ಕಥೆಯೂ ಇದಕ್ಕೆ ಹತ್ತಿರದ್ದೇ. 1995ರಲ್ಲಿ ಕೇಂದ್ರದ ವೃದ್ಧಾಪ್ಯ ಪಿಂಚಣಿ ಆರಂಭವಾದಾಗ ಅದರ ನೆರವು ತಿಂಗಳಿಗೆ 75 ರೂಪಾಯಿ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಬಂತು. 65 ದಾಟಿದ ಬಡ ರೈತರು, ಕೂಲಿಕಾರರು, ನೇಕಾರರು ಮೊದಲಾದವರಿಗೆ ಅದು ಆಸರೆ. 2021ರಲ್ಲಿ ಅದರ ಮೊತ್ತ 1,200 ರೂಪಾಯಿಗೆ ಏರಿತು. 2018ರ ಸೆಪ್ಟೆಂಬರಿನಲ್ಲಿ ಅಂಚೆ ಇಲಾಖೆಯ ಪಾವತಿ ಬ್ಯಾಂಕು ಶುರುವಾದ ಮೇಲೆ ಅಂಚೆಯವರು ಮನೆಬಾಗಿಲಿಗೇ ಬಂದು ಹಣ ಕೊಡುವ ಅನುಕೂಲವಾಯಿತು. ಆದರೆ ಅವರ ಕೈಯಲ್ಲಿರುವ ಯಂತ್ರವೂ ಬೆರಳನ್ನೇ ಕೇಳುತ್ತದೆ!

2024-25ರ ರಾಜ್ಯ ಆಯವ್ಯಯದಲ್ಲಿ ‘ಅನ್ನ ಸುವಿಧಾ’ ಎಂಬ ಏರ್ಪಾಟನ್ನು ಪ್ರಕಟಿಸಲಾಯಿತು. 80 ದಾಟಿದವರಷ್ಟೇ ಇರುವ ಮನೆಗಳಿಗೆ ಪಡಿತರವನ್ನು ಬಾಗಿಲಿಗೆ ಮುಟ್ಟಿಸುವುದು ಆಗ ಅದರ ಉದ್ದೇಶವಾಗಿತ್ತು. ಒಳ್ಳೆಯದೇ. ಆದರೆ ಕೇಳಿಕೊಳ್ಳುವುದು ಮೊಬೈಲಿನ ಮೂಲಕವಾದರೆ, ಆ ಮನೆಯಲ್ಲಿ ಮೊಬೈಲು ಒತ್ತುವವರು ಯಾರು?

ಆದ್ದರಿಂದ ಮುಂದಿನ ಪಡಿತರದ ದಿನ ನಿಮ್ಮ ಓಣಿಯ ಒಬ್ಬ ಆಯಿಯ ಜೊತೆ ನೀವೂ ಹೋಗಿ ಬನ್ನಿ. ಮೊದಲು ಅವರ ಕೈ ತೊಳೆಸಿ, ಬಟ್ಟೆಯಿಂದ ಒರೆಸಿ. ಹೆಬ್ಬೆಟ್ಟು ಹೊಂದದಿದ್ದರೆ ಉಳಿದ ಬೆರಳುಗಳನ್ನು ಒಂದೊಂದಾಗಿ ಇಡಿಸಿ, ಅವಸರ ಬೇಡ. ಆಧಾರ್‌ಗೆ ಯಾರ ಮೊಬೈಲು ಜೋಡಿಸಿದೆಯೆಂದು ವಿಚಾರಿಸಿ. ಅದು ದೂರದವರದಾಗಿದ್ದರೆ ಆಧಾರ್ ಕೇಂದ್ರಕ್ಕೆ ಕರೆದೊಯ್ದು, ಕೈಗೆ ಸಿಗುವ ನಂಬರಿಗೆ ಬದಲಿಸಿ, ಬೆರಳ ಗುರುತನ್ನೂ ಹೊಸದಾಗಿ ಕೊಡಿಸಿ. ಅಷ್ಟಾದರೂ ಚೀಲ ಖಾಲಿಯಾಗಿಯೇ ಉಳಿದರೆ ತಾಲೂಕಿನ ಆಹಾರ ನಿರೀಕ್ಷಕರಿಗೆ ಅರ್ಜಿ ಬರೆದುಕೊಡಿ. ಪಿಂಚಣಿ ನಿಂತರೆ, ಮನೆಯವರೇ ಹಿರಿಯರನ್ನು ಕೈಬಿಟ್ಟರೆ, 14567ಕ್ಕೆ ಫೋನು ಮಾಡಿ. ಹಿರಿಯರಿಗೆಂದೇ ಇರುವ ಸಹಾಯವಾಣಿ ಅದು. ಕರೆಗೆ ದುಡ್ಡು ಬೀಳುವುದಿಲ್ಲ.