ಹೊಟ್ಟೆ ಕಟ್ಟಿದರೆ ಸಿಕ್ಸ್ ಪ್ಯಾಕ್ ಬರೋದಿಲ್ಲ

ನಾನು ನವಲಗುಂದ ತಾಲ್ಲೂಕಿನ ಯಮನೂರಿನವನು. ಹುಬ್ಬಳ್ಳಿಯ ಒಂದು ಜಿಮ್‌ನಲ್ಲಿ ಹದಿನೈದು ವರ್ಷದಿಂದ ತರಬೇತಿ ಕೊಡ್ತಾ ಇದ್ದೀನಿ. ಇವತ್ತು ಹುಡುಗರು ನನಗೆ ಅತಿ ಹೆಚ್ಚು ಕೇಳೋ ಪ್ರಶ್ನೆ ಎತ್ತಿಕೊಂಡು ಬಂದೀನಿ: ಸಿಕ್ಸ್ ಪ್ಯಾಕ್ ಬರೋದು ವ್ಯಾಯಾಮದಿಂದಲೋ, ಊಟದಿಂದಲೋ?

ಹೋದ ವರ್ಷ ಚಾಂಗದೇವರ ಜಾತ್ರೆಗೆ ಊರಿಗೆ ಹೋಗಿದ್ದೆ. ಅಕ್ಕನ ಮಗ, ವಯಸ್ಸು 19, ಕನ್ನಡಿ ಮುಂದೆ ಬನಿಯನ್ ಎತ್ತಿಕೊಂಡು ನಿಂತಿದ್ದ. "ಮಾಮಾ, ದಿನಾ ಮುನ್ನೂರು ಕ್ರಂಚಸ್ ಹೊಡಿತೀನಿ. ರಾತ್ರಿ ಊಟಾನೂ ಬಿಟ್ಟೀನಿ. ಆದ್ರೂ ಪ್ಯಾಕ್ ಕಾಣವಲ್ವು" ಅಂದ. ಅವನು ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೂ ತಯಾರಿ ನಡೆಸಿದ್ದ. ಅದರಲ್ಲಿ ಗಂಡುಮಕ್ಕಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಮರುದಿನ ಬೆಳಿಗ್ಗೆ ಬೆಣ್ಣಿಹಳ್ಳದ ಕಡೆ ಓಡಿಸಿ ನೋಡಿದೆ. ಸಾವಿರ ಮೀಟರ್ ದಾಟೋದ್ರೊಳಗೆ ಕಣ್ಣಿಗೆ ಕತ್ತಲೆ ಬಂದು ಕೂತುಬಿಟ್ಟ.

ಬೈಯಲಿಲ್ಲ. ಯಾಕಂದ್ರೆ 24ನೇ ವಯಸ್ಸಿನಲ್ಲಿ ನಾನು ಇದಕ್ಕಿಂತ ದೊಡ್ಡ ದಡ್ಡತನ ಮಾಡಿದ್ದೆ. ಒಂದು ದೇಹದಾರ್ಢ್ಯ ಸ್ಪರ್ಧೆಗೆ ಪ್ಯಾಕ್ ಎದ್ದು ಕಾಣಲಿ ಅಂತ ಎರಡು ದಿನ ನೀರು, ಉಪ್ಪು ಎರಡೂ ಬಿಟ್ಟಿದ್ದೆ. ವೇದಿಕೆ ಹತ್ತೋ ಮೊದಲೇ ಕಾಲು ಸೆಳೆದು ನೆಲಕ್ಕೆ ಬಿದ್ದೆ. ಆವತ್ತು ಸಲೈನ್ ಹಚ್ಚಿಸಿಕೊಂಡು ಮಲಗಿದಾಗ ಹೊಟ್ಟೆ ಮಾತ್ರ ಚೆಂದ ಕಾಣ್ತಿತ್ತು!

ಈಗ ವಿಷಯಕ್ಕೆ ಬರೋಣ. ಹೊಟ್ಟೆಯ ಮುಂಭಾಗದ ಸ್ನಾಯು ಎಲ್ಲರಿಗೂ ಇರುತ್ತೆ. ಅದರ ಮೇಲೆ ಅಡ್ಡಲಾಗಿ ಹಾದುಹೋಗೋ ಗಟ್ಟಿ ಪಟ್ಟಿಗಳೇ ಪ್ಯಾಕ್‌ಗಳ ಗೆರೆ. ಅವು ನಾಲ್ಕೋ, ಆರೋ, ಎಂಟೋ ಅನ್ನೋದು ಹುಟ್ಟಿನಿಂದ ಬಂದದ್ದು. ಆ ಸ್ನಾಯುವಿನ ಮೇಲೆ ಕೊಬ್ಬಿನ ಪದರ ಇರುತ್ತೆ. ಅದು ತೆಳುವಾಗೋತನಕ ಗೆರೆ ಕಾಣೋದಿಲ್ಲ. ಸ್ನಾಯು ಬೆಳೆಸೋದು ವ್ಯಾಯಾಮ, ಪದರ ಇಳಿಸೋದು ಹೆಚ್ಚಾಗಿ ಊಟದ ಲೆಕ್ಕ.

ಹಾಗಾದ್ರೆ ಹೊಟ್ಟೆ ವ್ಯಾಯಾಮದಿಂದ ಹೊಟ್ಟೆ ಕೊಬ್ಬು ಕರಗೋದಿಲ್ವಾ? 2011ರಲ್ಲಿ ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು. 24 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ವಾರ, ವಾರಕ್ಕೆ ಐದು ದಿನ ಬರೀ ಹೊಟ್ಟೆ ವ್ಯಾಯಾಮ ಮಾಡಿಸಿದ್ರು. ಸ್ನಾಯುವಿನ ತಾಳಿಕೆ ಹೆಚ್ಚಾಯ್ತು. ಹೊಟ್ಟೆ ಕೊಬ್ಬು ಹೇಳಿಕೊಳ್ಳುವಷ್ಟು ಇಳೀಲಿಲ್ಲ. ದೇಹ ಕೊಬ್ಬನ್ನು ಒಟ್ಟಾರೆ ಕರಗಿಸುತ್ತೆ, ಜಾಗ ನಾವು ಹೇಳೋಕಾಗಲ್ಲ.

ಲೆಕ್ಕ ನೋಡ್ರಿ. 60 ಕಿಲೋ ತೂಕದ ಹುಡುಗ 1600 ಮೀಟರ್ ಓಡಿದ್ರೆ ಕರಗೋದು ಸುಮಾರು 100 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಇರೋದೇ ಸುಮಾರು 120. ಸಂಜೆ ಗಿರಮಿಟ್ಟು, ನಾಲ್ಕು ಮಿರ್ಚಿ ತಿಂದು ಬೆಳಿಗ್ಗೆ ಓಡ್ತೀನಿ ಅಂದ್ರೆ ಲೆಕ್ಕ ಕೂಡೋದಿಲ್ಲ.

ಅದಕ್ಕೆ ಹುಡುಗರು ಊಟಾನೇ ಬಿಡ್ತಾರೆ. ತಪ್ಪು ಅಲ್ಲೇ ಆಗೋದು. ತೀರಾ ಉಪವಾಸ ಬಿದ್ರೆ ಕೊಬ್ಬಿನ ಜೊತೆ ಸ್ನಾಯುನೂ ಕರಗುತ್ತೆ, ಓಡೋಕೆ ಶಕ್ತಿ ಉಳಿಯಲ್ಲ.

"ಪೌಡರ್ ತಗೊಳ್ಳಾ ಮಾಮಾ?" ಅಂತ ಕೇಳಿದ. ಅಕ್ಕನ ಅಡುಗೆಮನೆಯಲ್ಲೇ ಕೂತು ಲೆಕ್ಕ ಹಾಕಿದ್ವಿ. ಚೆನ್ನಾಗಿ ವ್ಯಾಯಾಮ ಮಾಡೋ ಹುಡುಗನಿಗೆ ಪ್ರತಿ ಕಿಲೋ ತೂಕಕ್ಕೆ 1.6 ಗ್ರಾಂ ಪ್ರೋಟೀನ್ ಸಾಕು. 60 ಕಿಲೋಗೆ 96 ಗ್ರಾಂ. 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ 30, ನಾಲ್ಕು ತತ್ತಿಯಲ್ಲಿ 24, ಅರ್ಧ ಲೀಟರ್ ಹಾಲಿನಲ್ಲಿ 16, ಒಂದು ಹಿಡಿ ಹೆಸರುಕಾಳಿನ ಪಲ್ಯದಲ್ಲಿ 12, ಝುಣಕದ ಕಡಲೆಹಿಟ್ಟಿನಲ್ಲಿ 11, ಸ್ವಲ್ಪ ಶೇಂಗಾದಲ್ಲಿ 7. ಹೆಚ್ಚುಕಡಿಮೆ ನೂರು ಆಯ್ತಲ್ಲ! ಹೆಸರು, ಕಡಲೆ ನಮ್ಮ ಎರೆಹೊಲದಲ್ಲೇ ಬೆಳೆಯೋವು. ಬಿಡಬೇಕಾದದ್ದು ಮಿರ್ಚಿ, ಸಕ್ಕರೆ ಚಹಾ, ಒಗ್ಗರಣೆಯ ಎರಡನೇ ಸೌಟು ಎಣ್ಣೆ.

ವ್ಯಾಯಾಮನೂ ಬದಲಿಸಿದೆ. ಮುನ್ನೂರು ಕ್ರಂಚಸ್ ಬಿಡಿಸಿ ಸಾಮು, ಬೈಠಕ್, ಭಾರ ಎತ್ತೋದು, ವಾರಕ್ಕೆ ನಾಲ್ಕು ದಿನ ಓಟ. ಹೊಟ್ಟೆಗೆ ಅಂತ ಕೊನೆಯಲ್ಲಿ ಹತ್ತು ನಿಮಿಷ. ನಮ್ಮ ಕಡೆ ಗರಡಿಮನೆಯ ಪೈಲ್ವಾನರನ್ನು ನೋಡ್ರಿ. ಎದುರಾಳಿಯನ್ನು ಎತ್ತಿ ಒಗೆಯೋ ಬಲ ನಡುವಿನಲ್ಲಿರುತ್ತೆ, ಆದ್ರೆ ಎಷ್ಟೋ ಜನರ ಹೊಟ್ಟೆ ಮೇಲೆ ಒಂದು ಗೆರೆನೂ ಕಾಣೋದಿಲ್ಲ. ಬಲ ಬೇರೆ, ಕಾಣೋದು ಬೇರೆ.

ನಾಲ್ಕು ತಿಂಗಳಾದ ಮೇಲೆ ಅಕ್ಕನ ಮಗ ಫೋನ್ ಮಾಡಿದ. "ಮಾಮಾ, 6 ನಿಮಿಷ 14 ಸೆಕೆಂಡ್!" ಪ್ಯಾಕ್ ಏನಾಯ್ತಪಾ ಅಂದೆ. "ಮ್ಯಾಲಿನ ಎರಡು ಕಾಣ್ತಾವ, ಉಳಿದವು ಇನ್ನೂ ಒಳಗ ಅದಾವ" ಅಂದ. ಇರಲಿ ಬಿಡು, ಎಲ್ಲೂ ಓಡಿಹೋಗೋದಿಲ್ಲ ಅಂದೆ.

ತಂದೆ ತಾಯಂದಿರಿಗೆ ಒಂದು ಮಾತು. ಮಗ ರಾತ್ರಿ ಊಟ ಬಿಡ್ತಿದ್ದಾನೆ, ತಲೆ ಸುತ್ತುತ್ತೆ ಅಂತಾನೆ ಅಂದ್ರೆ ಅದನ್ನು ಶಿಸ್ತು ಅಂದುಕೊಳ್ಳಬೇಡ್ರಿ. ಜೊತೆಗೆ ಕೂತು ಉಣ್ರಿ, ಬೇಕಾದ್ರೆ ವೈದ್ಯರಿಗೆ ತೋರಿಸ್ರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಬರ್ತೀನ್ರಿ.