ಒಡ್ಡು ಕಟ್ಟಿದ ನೀರು ಮತ್ತು ಮೀನು
(ಬೆಳೆಗಾರ ಸದಸ್ಯರ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



1980ರಲ್ಲಿ ಉಜನಿ ಆಣೆಕಟ್ಟು ಮುಗಿದ ಮೇಲೆ ಭೀಮೆಯ ದಂಡೆಗೆ ಕಬ್ಬು ಹಬ್ಬಿತು. ಆ ನೀರಿನ ಉಪಕಾರವನ್ನು ನಾವೆಲ್ಲ ಬಲ್ಲೆವು. ಕಟ್ಟೆಯಿಂದ ಮೀನಿಗೆ ಏನಾಗುತ್ತದೆಂಬುದನ್ನೂ ತಿಳಿದಿರಬೇಕು.

ಗೆಂಡೆ ಜಾತಿಯ ಅನೇಕ ಮೀನುಗಳು ಮುಂಗಾರಿನ ಹೊಸನೀರು ಬಂದೊಡನೆ ಸೆಳವಿಗೆ ಎದುರಾಗಿ ಏರಿ ಮೊಟ್ಟೆಯಿಡುತ್ತವೆ. ಹಾವುಮೀನಿನ ಮರಿಗಳು ಬಂಗಾಳ ಉಪಸಾಗರದಿಂದಲೇ ಮೇಲೇರಿ ಬರಬೇಕು. ಅಡ್ಡಗಟ್ಟೆ ಈ ದಾರಿಯನ್ನು ಮುಚ್ಚುತ್ತದೆ. ಆಫ್ರಿಕದ ತಿಲಾಪಿಯಾ ನಿಂತ ನೀರಿನಲ್ಲಿಯೇ ಮರಿಮಾಡುತ್ತದೆ. ಆದ್ದರಿಂದ ಕಟ್ಟೆಯ ಹಿಂದೆ ಅದು ಹೆಚ್ಚಿ, ನಮ್ಮ ಹೊಳೆಮೀನು ಕಡಿಮೆಯಾಗುತ್ತದೆ. ಉಜನಿಯಲ್ಲಿಯೂ ತಿಲಾಪಿಯಾ ಹೇರಳವಾಗಿದೆ.

ದೊಡ್ಡ ಕಟ್ಟೆ ನಮ್ಮ ಕೈಯಲ್ಲಿಲ್ಲ. ಹಳ್ಳದ ಕೊಲ್ಹಾಪುರ ಮಾದರಿಯ ಬಂಧಾರದ ಮಾತು ಹಾಗಲ್ಲ. ಮಳೆ ಕೈಕೊಟ್ಟೀತೆಂದು ಹೆದರಿ ಅದರ ಹಲಗೆಗಳನ್ನು ಹಾಗೆಯೇ ಬಿಡಬೇಡಿರಿ. ಮಿರಗದ ಮಳೆಗೆ ಮೊದಲೇ ಪೂರ್ತಿ ತೆಗೆಯಿರಿ. ಮಳೆಗಾಲ ಮುಗಿದು ಹೂಳುನೀರು ಹರಿದುಹೋದ ಮೇಲೆ, ಅಕ್ಟೋಬರ ಸುಮಾರಿಗೆ, ಹಾಕಿರಿ. ಹೂಳೂ ನಿಲ್ಲುವುದಿಲ್ಲ, ಮೀನಿಗೂ ದಾರಿ ಸಿಗುತ್ತದೆ. ಬೇಸಿಗೆಯಲ್ಲಿ ಮಡುವಿನ ಕೊನೆಯ ನೀರಿಗೆ ಪಂಪು ಹಚ್ಚಬೇಡಿರಿ. ಮುಂದಿನ ವರುಷದ ತಾಯಿಮೀನು ಉಳಿಯುವುದು ಅಲ್ಲಿಯೇ.

ಭೋಯಿ ಬಂಧುಗಳ ಹೊಟ್ಟೆಪಾಡು ಇದೇ ಹಳ್ಳದ ಮೇಲಿದೆ. ನಮ್ಮ ಹೊಲ ತೊಯ್ಯಲಿ, ಅವರ ಬಲೆಯೂ ಬರಿದಾಗದಿರಲಿ.