ನೆಲದಡಿ ದುಡಿದವರ ನೆನಪು



ಬೀದರ್‌ನ ನೌಬಾದ್‌ನಲ್ಲಿರುವ ಸುರಂಗ ಬಾವಿಯನ್ನು ನೀವೆಲ್ಲ ಬಲ್ಲಿರಿ. ಬಹಮನಿ ಅರಸರ ಕಾಲದಲ್ಲಿ ಪರ್ಷಿಯಾದ ತಂತ್ರವನ್ನು ಅನುಸರಿಸಿ ನೆಲದಡಿ ಕೊರೆದ ನೀರಿನ ದಾರಿ ಅದು. ಆ ಅರಸರ ಗೋರಿಗಳು ಅಷ್ಟೂರಿನಲ್ಲಿ ಇಂದಿಗೂ ನಿಂತಿವೆ. ಸುರಂಗ ಅಗೆದ ಕೂಲಿಕಾರರು ಯಾರು? ಉತ್ತರವಿಲ್ಲ. ಮೇಲೆ ಕಟ್ಟಿಸಿದವರ ಹೆಸರು ಉಳಿಯುತ್ತದೆ, ಕೆಳಗಿಳಿದು ಅಗೆದವರದು ಅಳಿಯುತ್ತದೆ. ಗಣಿ ಕಾರ್ಮಿಕರಿಗೆ ಸ್ಮಾರಕ ಏಕೆ ಬೇಕೆಂಬ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಆರಂಭವಾಗುತ್ತದೆ.

ಬೀದರ್ ಜಿಲ್ಲೆಯಲ್ಲಿ ಕಲ್ಲಿದ್ದಲು ಗಣಿಯಿಲ್ಲ, ನಿಜ. ಆದರೆ ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಸಿಂಗರೇಣಿ ಕಲ್ಲಿದ್ದಲು ಗಣಿಗಳೂ ಅದೇ ರಾಜ್ಯದಲ್ಲಿದ್ದವು. ಎಲ್ಲಂದು ಬಳಿ 1871ರಲ್ಲಿ ಭೂವಿಜ್ಞಾನಿ ವಿಲಿಯಂ ಕಿಂಗ್ ನಿಕ್ಷೇಪ ಗುರುತಿಸಿದರು. 1889ರಲ್ಲಿ ಗಣಿಗಾರಿಕೆ ಮೊದಲಾಯಿತು. ಭಾಲ್ಕಿಯಲ್ಲೂ, ಆಗ ಔರಾದ್ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲೂ ಹೊಗೆ ಉಗುಳುತ್ತ ನಿಲ್ಲುತ್ತಿದ್ದ ಉಗಿಬಂಡಿಗಳು ಓಡಿದ್ದು ಕಲ್ಲಿದ್ದಲಿನಿಂದ. ಗಾಡಿ ಹತ್ತಿದವರಿಗೆ ಕಂಡದ್ದು ಎಂಜಿನ್, ಗಣಿಗಿಳಿದವನಲ್ಲ.

1946ರಲ್ಲಿ ಅಖಿಲ ಹೈದರಾಬಾದ್ ಟ್ರೇಡ್ ಯೂನಿಯನ್ ಕಾಂಗ್ರೆಸ್ ಸ್ಥಾಪನೆಯಾದಾಗ ಅದರ ನಾಯಕತ್ವ ವಹಿಸಿದವರು ಉರ್ದು ಕವಿ ಮಖ್ದೂಮ್ ಮೊಹಿಯುದ್ದೀನ್. ನಿಜಾಮರ ಆಳ್ವಿಕೆಯಲ್ಲಿ ಸಂಘ ಕಟ್ಟುವುದೇ ಸಾಹಸವಾಗಿತ್ತು.

ಅದೇ ವರ್ಷ ಪಕ್ಕದ ಮೈಸೂರು ಸಂಸ್ಥಾನದ ಕೋಲಾರ ಚಿನ್ನದ ಗಣಿಯಲ್ಲಿ ರಕ್ತ ಹರಿಯಿತು. ಅಲ್ಲಿನ ಕಥೆ ಇನ್ನೂ ಹಿಂದಿನದು. 1930ರಲ್ಲಿ ಪ್ರತಿ ಕಾರ್ಮಿಕನ ಬೆರಳಚ್ಚು ಪಡೆದು ನೋಂದಾಯಿಸುವ ನಿಯಮ ಬಂದಾಗ ಗಣಿಯೇ ಸ್ತಬ್ಧವಾಯಿತು. ನೋಂದಾಯಿತ ಕಾರ್ಮಿಕ ಸಂಘವೇ ಇಲ್ಲದ ಕಾಲದಲ್ಲಿ ಮುಷ್ಕರ 21 ದಿನ ನಡೆಯಿತು. ಅವರಲ್ಲಿ ಹೆಚ್ಚಿನವರು ತಮಿಳುನಾಡಿನ ಉತ್ತರ ಆರ್ಕಾಟ್ ಕಡೆಯಿಂದ ಬಂದ ದಲಿತರು. ಬೆರಳಚ್ಚು ಕೊಡುವುದೆಂದರೆ ಅಪರಾಧಿಗಳ ಸಾಲಿಗೆ ಸೇರಿದಂತೆ ಎಂಬುದು ಅವರ ಭಾವನೆ. ಹೀಗಾಗಿ ಆ ಹೋರಾಟ ಕೂಲಿಗಿಂತ ಮೊದಲು ಮರ್ಯಾದೆಗಾಗಿ ನಡೆದದ್ದು. ಕೊನೆಗೆ ಆಡಳಿತವೇ ಮಣಿಯಿತು.

1946ರಲ್ಲಿ ಹಾಗಾಗಲಿಲ್ಲ. ಆ ವರ್ಷದ ನವೆಂಬರ್ 4ರಂದು ನಡೆದ ಪೊಲೀಸ್ ಗೋಲಿಬಾರಿನಲ್ಲಿ ಆರು ಕಾರ್ಮಿಕರು ಪ್ರಾಣ ತೆತ್ತರು. ಅವರ ನೆನಪಿಗಾಗಿ ಹುತಾತ್ಮರ ದಿನ ಆಚರಿಸುವ ಪರಂಪರೆ ಕೆಜಿಎಫ್‌ನಲ್ಲಿ ಬೆಳೆದಿದೆ. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಸುರಂಗಗಳಿಗೆ ನೀರು ತುಂಬಿತು. ಸಂಬಳ ನಿಂತರೂ ನೆನಪು ನಿಲ್ಲಲಿಲ್ಲ.

ಸ್ಮಾರಕವೆಂದರೆ ಕಲ್ಲು ನೆಟ್ಟು ಹಾರ ಹಾಕುವುದಷ್ಟೇ ಅಲ್ಲ. ಸತ್ತವರ ಹೆಸರಿನ ಜತೆಗೆ ಅವರು ಏನು ಕೇಳಿದರು ಎಂಬುದನ್ನೂ ಅಲ್ಲಿ ಬರೆಯಬೇಕು. ಕೇಳಿಕೆ ಅಳಿಸಿ ಹೆಸರು ಮಾತ್ರ ಉಳಿಸಿದರೆ ಹೋರಾಟಗಾರ ಅಪಘಾತದಲ್ಲಿ ಸತ್ತವನಂತೆ ಕಾಣುತ್ತಾನೆ. ಸುರಂಗ ಬಾವಿಯ ಕೂಲಿಕಾರರ ಹೆಸರನ್ನು ಮರಳಿ ತರಲಾಗದು. ಆದರೆ ಈ ಹೊತ್ತು ಕಲ್ಲು ಕ್ವಾರಿಯಲ್ಲಿ, ಚರಂಡಿಯಲ್ಲಿ, ಬಾವಿ ತೋಡುವಲ್ಲಿ ಕೆಳಗಿಳಿದಿರುವವರ ಹೆಸರು ಹಾಜರಿ ಪುಸ್ತಕದಲ್ಲಾದರೂ ಇದೆಯೇ ಎಂದು ಕೇಳಬಹುದು. ಗಣಿ ಕಾರ್ಮಿಕರಿಗೆ ಸಲ್ಲುವ ನಿಜವಾದ ಗೌರವ ಅದೇ.